ಸೌದೆಗಷ್ಟೇ ಅಲ್ಲ, ಸೊಗಸಿಗೂ ಜಾಲಿ

ಇಂದಿರಾನಗರದ ನೂರಡಿ ರಸ್ತೆಯ ಗೃಹಾಲಂಕಾರದ ಅಂಗಡಿಗಳಲ್ಲಿ ‘ಅಕೇಶಿಯಾ ವುಡ್’ ಎಂಬ ಚೀಟಿ ಹೊತ್ತ ಬಟ್ಟಲು, ಹರಿವಾಣ, ಸ್ಟೂಲುಗಳು ಈಚಿನ ವರ್ಷಗಳಲ್ಲಿ ಕಾಣಸಿಗುತ್ತವೆ. ಜೇನಿನ ಬಣ್ಣದ, ಕಂದು ಗೆರೆಗಳ ಈ ಮರ ನೋಡಲು ಚೆನ್ನ. ಬೆಲೆಯೂ ಅಷ್ಟೇ ಚೆನ್ನಾಗಿರುತ್ತದೆ! ಜಗತ್ತಿನ ಮಾರುಕಟ್ಟೆಗೆ ಹೀಗೆ ಬರುವ ಅಕೇಶಿಯಾ ಸಾಮಾನುಗಳಲ್ಲಿ ಬಹುಪಾಲು ವಿಯೆಟ್ನಾಂನಂಥ ಆಗ್ನೇಯ ಏಷ್ಯಾದ ದೇಶಗಳ ನೆಡುತೋಪುಗಳಿಂದ ಬಂದಂಥವು.

ಅದೇ ಇಂದಿರಾನಗರದಿಂದ ಹಳೇ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರ ದಾಟಿ, ಹೊಸಕೋಟೆಯ ಕಡೆಗೆ ಹೊರಟರೆ ಕೆರೆಗಳ ಅಂಚಿನಲ್ಲಿ, ಹೊಲದ ಬದುಗಳಲ್ಲಿ ಮುಳ್ಳುಮುಳ್ಳಾದ, ಕರಿತೊಗಟೆಯ ಒಂದು ಮರ ಎದುರಾಗುತ್ತದೆ. ಅದೇ ನಮ್ಮ ಜಾಲಿ. ಅಕೇಶಿಯಾ ಎಂಬ ಹೆಸರು ಮೊದಲು ಸಂದದ್ದು ಈ ಮರಕ್ಕೇ! ಆದರೆ ಇದನ್ನು ಕಡಿದವರು ಮೇಜು ಮಾಡುವುದಿಲ್ಲ. ತುಂಡು ತುಂಡು ಮಾಡಿ ಸೌದೆ ಡಿಪೋಗೋ ಇಟ್ಟಿಗೆ ಗೂಡಿಗೋ ಕಳಿಸುತ್ತಾರೆ. ಸಮುದ್ರದಾಚೆಯ ದಾಯಾದಿಗೆ ಗಾಜಿನ ಕಪಾಟು, ಮನೆಯ ಮಗನಿಗೆ ಒಲೆಯ ಬಾಯಿ!

ಜಾಲಿಯ ಕಟ್ಟಿಗೆ ಅಷ್ಟು ಕೀಳೇ? ಅಲ್ಲ. ಕೀಳಾದದ್ದು ಅದನ್ನು ಕುರಿತ ನಮ್ಮ ತಿಳಿವಳಿಕೆ. ಈ ಮರವನ್ನು ಒಣಗಿಸುವ, ಕೊಯ್ಯುವ, ಕಡೆಯುವ ವಿದ್ಯೆ ನಮ್ಮ ಹಳ್ಳಿಯ ಬಡಗಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆ ವಿದ್ಯೆಯ ಹಿಂದೆ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿರುವ ಪಾಠಗಳೇ ಇವೆ.

ಯಾವುದು ಜಾಲಿ, ಯಾವುದಲ್ಲ

ಜಾಲಿ ಎಂದೊಡನೆ ಅನೇಕರ ಕಣ್ಣಮುಂದೆ ಬರುವುದು ಬಳ್ಳಾರಿ ಜಾಲಿ. ಅದು ನಮ್ಮದಲ್ಲ. ಅಮೆರಿಕ ಖಂಡದ ಆ ಗಿಡವನ್ನು 1870ರ ದಶಕದಲ್ಲಿ ಬ್ರಿಟಿಷ್ ಅರಣ್ಯಾಧಿಕಾರಿಗಳು ಸೌದೆಗಾಗಿ ದಕ್ಷಿಣ ಭಾರತಕ್ಕೆ ತರಿಸಿದರು. ಬೀಳುಭೂಮಿಯನ್ನೆಲ್ಲ ಆವರಿಸಿಕೊಂಡು ರೈತರ ಶಾಪಕ್ಕೆ ಗುರಿಯಾಗಿರುವುದು ಅದು. ಅದರ ಹೂವು ಉದ್ದನೆಯ ತೆನೆಯಂತೆ ಜೋಲುತ್ತದೆ, ಕಾಯಿ ನೇರ, ಹಳದಿ.

ನಮ್ಮ ಕರಿಜಾಲಿಯ ಹೂವು ಹಳದಿ ಬಣ್ಣದ ಪುಟ್ಟ ಚೆಂಡು. ಕಾಯಿಯಂತೂ ಗುರುತಿಗೆ ಹೇಳಿ ಮಾಡಿಸಿದಂಥದು. ಬೀಜ ಬೀಜದ ನಡುವೆ ಹಿಸುಕಿದಂತೆ ಸಣ್ಣಗಾಗಿ, ಮಣಿಸರದ ಹಾಗೆ ತೂಗುತ್ತದೆ. ಎಲೆಯ ಬುಡದಲ್ಲಿ ಜೋಡಿ ಬಿಳಿಮುಳ್ಳು, ಬಿರುಕು ಬಿಟ್ಟ ಕಪ್ಪು ತೊಗಟೆ. ಕೆಲವೆಡೆ ಇದನ್ನೇ ಗೊಬ್ಬಳಿ ಎನ್ನುತ್ತಾರೆ. ಹಿಂದಿಯವರ ಬಬೂಲ್ ಕೂಡ ಇದೇ. ತಿಳಿಬಣ್ಣದ ತೊಗಟೆಯ ಬಿಳಿಜಾಲಿ, ಎಲೆಯಡಿಕೆಗೆ ಬೇಕಾದ ಕಾಚನ್ನು ಕೊಡುವ ಕಗ್ಗಲಿ, ತಲೆಗೆ ಹಚ್ಚುವ ಸೀಗೆ, ಇವೆಲ್ಲ ಇದರ ಹತ್ತಿರದ ನೆಂಟರು.

ಇನ್ನು ಊರೂರಿನ ನೆಡುತೋಪುಗಳಲ್ಲಿ ‘ಅಕೇಶಿಯ’ ಎಂದೇ ಕರೆಸಿಕೊಳ್ಳುವ ಮುಳ್ಳಿಲ್ಲದ ಮರವೊಂದಿದೆ. ಕುಡುಗೋಲಿನಂತೆ ಬಾಗಿದ ಎಲೆ, ಕಿವಿಯಂತೆ ಸುರುಳಿ ಸುತ್ತಿದ ಕಾಯಿ. ಇದು ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಕುತೂಹಲದ ಸಂಗತಿಯೆಂದರೆ ನಾವು ಎಲೆ ಎಂದುಕೊಳ್ಳುವುದು ಅದರ ನಿಜವಾದ ಎಲೆಯೇ ಅಲ್ಲ. ಎಲೆಯ ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ಬೀಜ ಮೊಳೆಯಿಸಿ ನೋಡಿ. ಮೊದಲು ಬರುವ ಎಲೆಗಳು ಜಾಲಿಯ ಎಲೆಯಂತೆಯೇ ಚಿಕ್ಕ ಚಿಕ್ಕ ಗರಿಗಳಾಗಿರುತ್ತವೆ. ಇಂಥ ಆಸ್ಟ್ರೇಲಿಯಾದ ಅಕೇಶಿಯಗಳನ್ನು ಇಂಗ್ಲಿಷಿನಲ್ಲಿ ‘ವಾಟಲ್’ ಎನ್ನುತ್ತಾರೆ. ಹೆಣೆದ ತಡಿಕೆಗೆ ಇಂಗ್ಲಿಷಿನಲ್ಲಿ ಅದೇ ಹೆಸರು. ಅಲ್ಲಿಗೆ ವಲಸೆ ಹೋದವರು ಈ ಗಿಡಗಳ ಕೊಂಬೆಗಳಿಂದ ತಡಿಕೆ ಹೆಣೆದು, ಮಣ್ಣು ಮೆತ್ತಿ ಗೋಡೆ ಕಟ್ಟಿಕೊಂಡರು. ನಮ್ಮ ತಡಿಕೆಗೋಡೆಯ ಹಾಗೆಯೇ!

ಹೆಸರು ಕಳೆದುಕೊಂಡ ಮರ

1754ರಲ್ಲಿ ಫಿಲಿಪ್ ಮಿಲ್ಲರ್ ಎಂಬ ಇಂಗ್ಲಿಷ್ ಸಸ್ಯತಜ್ಞ ಅಕೇಶಿಯ ಎಂಬ ಕುಲಕ್ಕೆ ಹೆಸರಿಟ್ಟ. ಮೊನಚು, ಮುಳ್ಳು ಎಂಬ ಅರ್ಥದ ಗ್ರೀಕ್ ಮಾತು ಅದರ ಮೂಲ. ಆ ಕುಲದ ಮಾದರಿ ಮರವೇ ನಮ್ಮ ಜಾಲಿ, ‘ಅಕೇಶಿಯ ನೈಲೋಟಿಕ’. ನೈಲ್ ನದಿಯ ದಂಡೆಯಲ್ಲೂ ಬೆಳೆಯುವುದರಿಂದ ನೈಲೋಟಿಕ.

ಸಂಶೋಧನೆ ಮುಂದುವರಿದಂತೆ ಈ ಕುಲದಲ್ಲಿ ಬೇರೆ ಬೇರೆ ವಂಶಗಳು ಸೇರಿಕೊಂಡಿವೆ ಎಂಬುದು ಸ್ಪಷ್ಟವಾಯಿತು. ಕುಲವನ್ನು ಒಡೆಯಲೇಬೇಕು. ಆದರೆ ಹಳೆಯ ಹೆಸರು ಯಾರ ಪಾಲಿಗೆ? ಆಸ್ಟ್ರೇಲಿಯಾದಲ್ಲಿ ಸುಮಾರು 1,000 ಜಾತಿಗಳಿವೆ, ಅಷ್ಟನ್ನೂ ಮರುನಾಮಕರಣ ಮಾಡುವುದು ಕಷ್ಟ ಎಂಬ ವಾದ ಗೆದ್ದಿತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಕೊಟ್ಟಿತು. 2011ರಲ್ಲಿ ಮೆಲ್ಬರ್ನ್ ಸಮ್ಮೇಳನ ಅದನ್ನೇ ಎತ್ತಿಹಿಡಿಯಿತು. ಜಾಲಿ ಈಗ ‘ವಾಚೆಲಿಯ ನೈಲೋಟಿಕ’. ಕಗ್ಗಲಿ, ಸೀಗೆಗಳು ‘ಸೆನೆಗಾಲಿಯ’ ಕುಲಕ್ಕೆ ಹೋದವು. ಪಠ್ಯಪುಸ್ತಕಗಳಲ್ಲಿ ಎರಡೂ ಹೆಸರು ಕಂಡರೆ ವಿದ್ಯಾರ್ಥಿಗಳು ಗಾಬರಿಯಾಗಬೇಕಿಲ್ಲ.

ಹೆಸರು ಹೋದರೆ ಹೋಯಿತು, ಗುಣ ಹೋಗಿಲ್ಲವಲ್ಲ!

ಹಳೇ ಮದ್ರಾಸು ರಸ್ತೆಯ ಚಕ್ರಗಳು

1809ರಲ್ಲಿ ಬ್ರಿಟಿಷರು ದಂಡು ಪ್ರದೇಶವನ್ನು ಸ್ಥಾಪಿಸಿದ ಮೇಲೆ ಹಲಸೂರಿನ ಸುತ್ತಮುತ್ತ ಹೊಸ ಪೇಟೆಗಳು ಬೆಳೆದವು. ಬಂಗಲೆಗಳು ಎದ್ದವು. ಆ ಬಂಗಲೆಗಳ ಮೇಜು, ಆರಾಮ ಕುರ್ಚಿ, ಮಂಚಗಳಿಗೆ ಬೇಕಾದದ್ದು ಸಾಗುವಾನಿ ಮತ್ತು ಬೀಟೆ. ಕಡೆದ ಕಾಲುಗಳ ಆ ಪೀಠೋಪಕರಣಗಳಿಗೆ ಇಂದಿಗೂ ಗಿರಾಕಿಗಳಿದ್ದಾರೆ. ಆದರೆ ಆ ಪೇಟೆಗಳಿಗೆ ರಾಗಿ, ತರಕಾರಿ, ಹುಲ್ಲು, ಸೌದೆ ಹೊತ್ತು ಬರುತ್ತಿದ್ದ ಎತ್ತಿನ ಗಾಡಿಗಳ ಭಾರ ಹೊತ್ತದ್ದು ಮಾತ್ರ ಜಾಲಿಯಂಥ ಗಟ್ಟಿಮರ.

ಜೆ.ಎಸ್. ಗ್ಯಾಂಬಲ್ ಎಂಬ ಅರಣ್ಯಾಧಿಕಾರಿ ಭಾರತದ ಮರಮುಟ್ಟುಗಳ ಬಗ್ಗೆ 1881ರಲ್ಲಿ ಒಂದು ಕೈಪಿಡಿ ಪ್ರಕಟಿಸಿದ. ಆ ಕಾಲದ ಅರಣ್ಯ ಸಾಹಿತ್ಯವನ್ನು ತೆರೆದರೆ ಜಾಲಿಯ ಉಪಯೋಗಗಳ ಪಟ್ಟಿ ಉದ್ದವಿದೆ. ಗಾಡಿಯ ಚಕ್ರ, ನೇಗಿಲು, ಎಣ್ಣೆಗಾಣ, ಕಬ್ಬಿನ ಗಾಣ, ಹತ್ಯಾರುಗಳ ಹಿಡಿ, ಸೈನ್ಯದ ಗುಡಾರಗಳ ಗೂಟ. ಎಲ್ಲಿ ಪೆಟ್ಟು ಬೀಳುತ್ತದೆಯೋ, ಎಲ್ಲಿ ಉಜ್ಜಾಟವಿದೆಯೋ ಅಲ್ಲೆಲ್ಲ ಜಾಲಿ.

ಏಕೆ? ಒಂದು ಘನಮೀಟರ್ ಒಣ ಸಾಗುವಾನಿ ಸುಮಾರು 650 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಜಾಲಿ ಸುಮಾರು 800 ಕಿಲೋಗ್ರಾಂ. ತೂಕ ಹೆಚ್ಚೆಂದರೆ ಮರದ ಜೀವಕೋಶಗಳ ಗೋಡೆ ದಪ್ಪ, ನಡುವಿನ ಟೊಳ್ಳು ಕಡಿಮೆ ಎಂದರ್ಥ. ಜಾಲಿ ಗಡುಸಷ್ಟೇ ಅಲ್ಲ, ಜಿಗುಟು ಕೂಡ. ಪೆಟ್ಟು ಬಿದ್ದಾಗ ಸುಲಭವಾಗಿ ಸೀಳುವುದಿಲ್ಲ.

ಗಾಡಿ ಚಕ್ರದ ಗುಂಬವನ್ನೇ ನೋಡಿ. ಚಕ್ರದ ನಡುವಿನ ಈ ಗಡ್ಡೆಗೆ ಸುತ್ತಲೂ ತೂತು ಕೊರೆದು, ಪ್ರತಿ ತೂತಿಗೂ ಒಂದೊಂದು ಅರೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಬೇಗ ಸೀಳುವ ಮರವಾದರೆ ಎರಡನೆಯ ಅರೆ ಬಡಿಯುವಷ್ಟರಲ್ಲಿ ಗುಂಬ ಎರಡು ಹೋಳು!

ಚಕ್ರಕ್ಕೆ ಕಬ್ಬಿಣದ ಹಳಿ ತೊಡಿಸುವುದಂತೂ ಭೌತಶಾಸ್ತ್ರದ ಜೀವಂತ ಪಾಠ. ಹಳಿಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಮಾಡುತ್ತಾರೆ. ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತದೆ. ಒಂದು ಮೀಟರ್ ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಉದ್ದವಾಗುತ್ತದೆ. ಚಕ್ರದ ವ್ಯಾಸ 1.4 ಮೀಟರ್ ಎಂದಿಟ್ಟುಕೊಳ್ಳಿ. ಸುತ್ತಳತೆ ಸುಮಾರು 4.4 ಮೀಟರ್. ಹಳಿಯನ್ನು 500 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದರ ಸುತ್ತಳತೆ 26 ಮಿಲಿಮೀಟರ್, ಅಂದರೆ ಸುಮಾರು ಒಂದು ಅಂಗುಲ ಹೆಚ್ಚುತ್ತದೆ. ಆಗ ಚಕ್ರಕ್ಕೆ ತೊಡಿಸಿ ನೀರು ಸುರಿದರೆ ಹಳಿ ಕುಗ್ಗಿ, ಎಲ್ಲ ತುಂಡುಗಳನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಮೊಳೆ ಬೇಡ, ಅಂಟು ಬೇಡ. ಆ ಅಪ್ಪುಗೆಯನ್ನು ತಡೆಯುವ ಕಸುವು ಮಾತ್ರ ಮರಕ್ಕಿರಬೇಕು.

ರಬ್ಬರ್ ಟೈರಿನ ಗಾಡಿ ಬಂತು, ಟ್ರ್ಯಾಕ್ಟರು ಬಂತು, ಲಾರಿ ಬಂತು. ಗಾಣದ ಜಾಗಕ್ಕೆ ಯಂತ್ರ ಬಂತು, ನೇಗಿಲು ಕಬ್ಬಿಣದ್ದಾಯಿತು. ಜಾಲಿಗೆ ಇದ್ದ ಕೆಲಸಗಳೆಲ್ಲ ಒಂದೊಂದಾಗಿ ಕೈಬಿಟ್ಟವು. ಉಳಿದದ್ದು ಒಂದೇ, ಸೌದೆ. ಒಂದು ಕಿಲೋಗ್ರಾಂ ಒಣ ಜಾಲಿ ಉರಿದರೆ ಸುಮಾರು 4,900 ಕಿಲೋ ಕ್ಯಾಲೊರಿ ಶಾಖ ಸಿಗುತ್ತದೆ. ಒಳ್ಳೆಯ ಸೌದೆಯಾದದ್ದೇ ಅದಕ್ಕೆ ಮುಳುವಾಯಿತು ಎನ್ನಬೇಕು.

ಮಜ್ಜಿಗೆ ಕಡೆದಂತೆ ಮರ ಕಡೆಯುವುದು

ಕನ್ನಡದಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರದ ಕಾಲು, ಗುಂಬ, ಬುಗುರಿಗಳನ್ನೂ ಕಡೆಯುತ್ತೇವೆ. ಎರಡಕ್ಕೂ ಒಂದೇ ಮಾತು ಬಂದದ್ದು ಸುಮ್ಮನೆ ಅಲ್ಲ. ಕಡಗೋಲಿಗೆ ಹಗ್ಗ ಸುತ್ತಿ ಒಮ್ಮೆ ಬಲಗೈಯಿಂದ, ಒಮ್ಮೆ ಎಡಗೈಯಿಂದ ಎಳೆದರೆ ಅದು ಅತ್ತಿತ್ತ ತಿರುಗುತ್ತದೆ. ಹಳೆಯ ಕಾಲದ ಕಡಸಲು ಕೆಲಸವೂ ಹೀಗೆಯೇ. ಎರಡು ಮೊಳೆಗಳ ನಡುವೆ ಮರದ ತುಂಡನ್ನು ಸಿಕ್ಕಿಸಿ, ಹಗ್ಗ ಸುತ್ತಿ ಒಬ್ಬ ಎಳೆಯುತ್ತಿದ್ದ, ಇನ್ನೊಬ್ಬ ಉಳಿ ಹಿಡಿಯುತ್ತಿದ್ದ. ತುಂಡು ತನ್ನ ಕಡೆಗೆ ತಿರುಗುವಾಗ ಮಾತ್ರ ಉಳಿ ಕೊಯ್ಯುತ್ತದೆ, ಹಿಂದಕ್ಕೆ ತಿರುಗುವಾಗ ಬಿಡುವು. ವಿದ್ಯುತ್ ಮೋಟಾರಿನ ಲೇತ್ ಬಂದ ಮೇಲೆ ತಿರುಗಾಟ ಒಂದೇ ದಿಕ್ಕಿಗೆ, ಒಂದೇ ವೇಗಕ್ಕೆ ಬಂತು.

ನಮ್ಮ ರಾಜ್ಯದಲ್ಲಿ ಕಡೆದ ಮರವೆಂದರೆ ಎಲ್ಲರಿಗೂ ನೆನಪಾಗುವುದು ಚನ್ನಪಟ್ಟಣದ ಬೊಂಬೆ. ಅಲ್ಲಿ ಬಳಸುವ ಹಾಲೆ ಮರ ತೆಳು ಬಣ್ಣದ್ದು, ನುಣುಪು, ಉಳಿಗೆ ಸುಲಭ. ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಶಾಖಕ್ಕೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ಕೇದಿಗೆಯ ಎಲೆಯಿಂದ ಉಜ್ಜಿದರೆ ಹೊಳಪು. ಅರಗು ಕೊಡುವ ಕೀಟ ಆಶ್ರಯಿಸುವ ಮರಗಳಲ್ಲಿ ಜಾಲಿಯೂ ಒಂದು ಎಂಬುದನ್ನು ಇಲ್ಲಿ ನೆನೆಯಬಹುದು.

ಜಾಲಿ ಬೊಂಬೆಯ ಮರವಲ್ಲ. ಅದರ ರಂಧ್ರಗಳು ದೊಡ್ಡವು, ಎಳೆ ಒರಟು, ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಆದರೆ ಅದಕ್ಕೆ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಮರದ ನಡುಭಾಗದ ಗಟ್ಟಿ ಕಟ್ಟಿಗೆಗೆ ಚೇಗು ಎನ್ನುತ್ತಾರಷ್ಟೆ. ಜಾಲಿಯ ಚೇಗು ಕೊಯ್ದಾಗ ನಸುಗೆಂಪು, ಗಾಳಿಬೆಳಕಿಗೆ ತೆರೆದುಕೊಂಡಂತೆ ಕೆಂಗಂದು. ಸುತ್ತಲಿನ ಹೊರಮರ ಬಿಳುಪು. ಎರಡೂ ಸೇರಿದ ಬಟ್ಟಲಿನಲ್ಲಿ ಕೆಂಪು ನಡುವಿಗೆ ಬೆಳ್ಳನೆಯ ಅಂಚು ಬಂದು ಬಹಳ ಸೊಗಸಾಗಿ ಕಾಣುತ್ತದೆ. ಬಟ್ಟಲು, ಹೂದಾನಿ, ಲಟ್ಟಣಿಗೆ, ಉಳಿಯ ಹಿಡಿ, ಸ್ಟೂಲಿನ ಕಾಲು, ಊಟದ ಮೇಜಿನ ಹಲಗೆ, ಇವಕ್ಕೆಲ್ಲ ಜಾಲಿ ಒದಗುತ್ತದೆ.

ನೀರು ಇಳಿಯುವ ತನಕ ತಾಳ್ಮೆ

ಜಾಲಿ ಬೇಡ ಎನ್ನುವವರ ಮುಖ್ಯ ದೂರು ಒಂದೇ. “ಅದು ಬಿರುಕು ಬಿಡುತ್ತದೆ, ಸೊಟ್ಟಗಾಗುತ್ತದೆ.” ದೂರು ನಿಜ. ಆದರೆ ತಪ್ಪು ಮರದ್ದಲ್ಲ, ಅವಸರದ್ದು.

ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು, ಜೀವಕೋಶಗಳ ಟೊಳ್ಳಿನಲ್ಲಿ. ಇನ್ನೊಂದು, ಕೋಶಗಳ ಗೋಡೆಯಲ್ಲಿ. ಮೊದಲು ಹೋಗುವುದು ಟೊಳ್ಳಿನ ನೀರು. ಆಗ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಶೇ 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಯ ನೀರು ಹೊರಡತೊಡಗುತ್ತದೆ. ಕುಗ್ಗಾಟ ಶುರುವಾಗುವುದು ಆಗ. ಅದೂ ಎಲ್ಲ ದಿಕ್ಕಿಗೂ ಒಂದೇ ಸಮವಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ನಡುವಿನಿಂದ ಹೊರಕ್ಕೆ ಆಗುವುದರ ಸುಮಾರು ಎರಡರಷ್ಟು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಎಳೆತವಾದರೆ ದುಂಡನೆಯ ದಿಮ್ಮಿ ಸೀಳದೆ ಇನ್ನೇನು ಮಾಡೀತು?

ಪರಿಹಾರವೂ ಇದರಲ್ಲೇ ಇದೆ. ದಿಮ್ಮಿಯನ್ನು ಇಡಿಯಾಗಿ ಒಣಗಿಸಬಾರದು. ನಡುವಿನ ಬೆಂಡು ಹೊರಗೆ ಹೋಗುವಂತೆ ಉದ್ದಕ್ಕೆ ಕೊಯ್ಯಬೇಕು. ನೀರು ಬೇಗ ಆರುವುದು ತುಂಡಿನ ಎರಡು ತುದಿಗಳಿಂದ. ಅಲ್ಲಿಗೆ ಮೇಣ ಅಥವಾ ದಪ್ಪ ಪೇಂಟ್ ಬಳಿಯಬೇಕು. ಹಲಗೆಗಳ ನಡುವೆ ಗಾಳಿಯಾಡುವಂತೆ ಪಟ್ಟಿಗಳನ್ನಿಟ್ಟು ನೆರಳಿನಲ್ಲಿ ಪೇರಿಸಿ, ಮೇಲೆ ಭಾರ ಹೇರಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಬಿಸಿಲಿಗೆ ಒಡ್ಡಿ ಬೇಗ ಒಣಗಿಸುತ್ತೇನೆಂದು ಹೊರಟರೆ ಜಾಲಿ ಸುಮ್ಮನಿರುವುದಿಲ್ಲ.

ಬಟ್ಟಲು ಕಡೆಯುವವರಿಗೆ ಇನ್ನೊಂದು ದಾರಿಯಿದೆ. ಹಸಿಯಿರುವಾಗಲೇ ಒರಟಾಗಿ ಕಡೆದು, ಗೋಡೆಯನ್ನು ದಪ್ಪ ಬಿಡುವುದು. 30 ಸೆಂಟಿಮೀಟರ್ ಅಗಲದ ಬಟ್ಟಲಿಗೆ 3 ಸೆಂಟಿಮೀಟರ್ ದಪ್ಪ. ಅದನ್ನು ಕಾಗದದ ಚೀಲದಲ್ಲಿಟ್ಟು ಕೆಲವು ತಿಂಗಳು ಮರೆತುಬಿಡಬೇಕು. ಒಣಗುವಾಗ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮತ್ತೆ ಲೇತಿಗೇರಿಸಿ ದುಂಡಗೆ ಮಾಡಿದರೆ ಆಮೇಲೆ ಹೆಚ್ಚು ಅಲುಗಾಡುವುದಿಲ್ಲ.

ಹಳಬರು ಜಾಲಿಯ ದಿಮ್ಮಿಯನ್ನು ಕೆರೆಯ ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದರು. ಒಣಗಿಸಬೇಕಾದದ್ದನ್ನು ನೆನೆಹಾಕುವುದೇ ಎಂದು ನಗಬೇಡಿ. ಜಾಲಿಯ ಹೊರಮರದಲ್ಲಿ ಪಿಷ್ಟವಿರುತ್ತದೆ. ಮರವನ್ನು ಪುಡಿ ಮಾಡುವ ಹುಳುಗಳಿಗೆ ಅದೇ ಆಹಾರ. ನೀರಿನಲ್ಲಿ ಬಹುಕಾಲವಿದ್ದರೆ ಪಿಷ್ಟ ಕ್ಷೀಣಿಸುತ್ತದೆ. ಊಟವಿಲ್ಲದ ಮನೆಗೆ ಹುಳು ಬಾರದು! ಚೇಗಿಗೆ ಈ ಕಾಟ ಕಡಿಮೆ. ಈಗಿನವರು ಹೊರಮರವನ್ನು ತೆಗೆದುಬಿಡುತ್ತಾರೆ, ಇಲ್ಲವೇ ಬೊರ‍್ಯಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಾಯಿಸುತ್ತಾರೆ.

ಮರ ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಒಂದು ಸಣ್ಣ ತುಂಡನ್ನು ತೂಗಿ. 500 ಗ್ರಾಂ ಇದೆ ಎನ್ನಿ. ಪ್ರಯೋಗಶಾಲೆಯ ಒಲೆಯಲ್ಲಿ 103 ಡಿಗ್ರಿಯಲ್ಲಿಟ್ಟು, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ. ಆಗ 400 ಗ್ರಾಂ ಬಂದರೆ ಹೋದ ನೀರು 100 ಗ್ರಾಂ. ಒಣತೂಕ 400ಕ್ಕೆ ಹೋಲಿಸಿದರೆ ತೇವಾಂಶ ಶೇ 25. ಬೆಂಗಳೂರಿನ ಹವೆಯಲ್ಲಿ ಮನೆಯೊಳಗಿನ ಪೀಠೋಪಕರಣಕ್ಕೆ ಸುಮಾರು ಶೇ 10ರಿಂದ 12 ಇದ್ದರೆ ಒಳ್ಳೆಯದು. ಅಂದರೆ ಈ ಮರ ಇನ್ನೂ ಕಾಯಬೇಕು.

ಕಪ್ಪು ಕಲೆಯ ಗುಟ್ಟು

ದಂಡು ಪ್ರದೇಶದ ಟ್ಯಾನರಿ ರಸ್ತೆಯ ಹೆಸರಿನಲ್ಲೇ ಚರ್ಮ ಹದಮಾಡುವ ಉದ್ಯೋಗದ ನೆನಪಿದೆ. ಕ್ರೋಮಿಯಂ ಲವಣಗಳ ಬಳಕೆ ಹರಡುವ ಮುನ್ನ ಚರ್ಮ ಹದ ಮಾಡಲು ಬೇಕಾದದ್ದು ಗಿಡಮರಗಳ ತೊಗಟೆ. ದಕ್ಷಿಣದಲ್ಲಿ ಹೆಚ್ಚಾಗಿ ತಂಗಡಿ, ಉತ್ತರದ ಕಾನ್ಪುರದ ಕಡೆ ಜಾಲಿ. ಮದ್ರಾಸು ಪ್ರಾಂತದ ಟ್ಯಾನರಿಗಳಿಗೆ ದಕ್ಷಿಣ ಆಫ್ರಿಕದಿಂದ ಆಸ್ಟ್ರೇಲಿಯಾ ಮೂಲದ ವಾಟಲ್ ತೊಗಟೆಯೂ ಬರುತ್ತಿತ್ತು. ಇವೆಲ್ಲದರಲ್ಲೂ ಇರುವ ಒಗರು ವಸ್ತುವೇ ಟ್ಯಾನಿನ್.

ಜಾಲಿಯ ಮರದಲ್ಲೂ ಟ್ಯಾನಿನ್ ಇದೆ. ಆದ್ದರಿಂದ ಅದಕ್ಕೆ ಕಬ್ಬಿಣದ ಮೊಳೆ ಹೊಡೆದು, ತೇವ ತಾಗಿದರೆ ಸುತ್ತ ಕಪ್ಪು ಕಲೆ ಮೂಡುತ್ತದೆ. ಕಬ್ಬಿಣ ಮತ್ತು ಟ್ಯಾನಿನ್ ಕೂಡಿ ಆಗುವ ಕರಿಬಣ್ಣವದು. ಹಿಂದೆ ಬರೆಯುವ ಶಾಯಿಯನ್ನು ತಯಾರಿಸುತ್ತಿದ್ದುದೂ ಈ ರಾಸಾಯನಿಕ ಕ್ರಿಯೆಯಿಂದಲೇ. ಜಾಲಿಯ ಕಾಯಿಯಿಂದಲೂ ಶಾಯಿ ಮಾಡುತ್ತಿದ್ದರು. ಹೀಗಾಗಿ ಜಾಲಿಯ ಪೀಠೋಪಕರಣಕ್ಕೆ ಹಿತ್ತಾಳೆಯ ತಿರುಪು ಮೇಲು. ಗಡುಸು ಮರವಾದ್ದರಿಂದ ತಿರುಪಿಗೆ ಮೊದಲೇ ತೂತು ಕೊರೆಯಬೇಕು. ಕಿಂಡಿ ಕೊರೆದು ಗೂಟ ಕೂರಿಸುವ ಹಳೆಯ ಪದ್ಧತಿಯ ಜೋಡಣೆಯಾದರೆ ತಿರುಪಿನ ಗೊಡವೆಯೇ ಇಲ್ಲ.

ಕಲೆಯನ್ನೇ ಕಲೆಯಾಗಿಸುವ ಉಪಾಯವೂ ಉಂಟು. ವಿನೆಗರ್‌ನಲ್ಲಿ ಕಬ್ಬಿಣದ ಮೊಳೆಗಳನ್ನು ಕೆಲವು ದಿನ ನೆನೆಹಾಕಿ, ಆ ದ್ರಾವಣವನ್ನು ಜಾಲಿಯ ಹಲಗೆಗೆ ಬಳಿದರೆ ಅದು ಕರಿಮರದಂತೆ ಕಪ್ಪಾಗುತ್ತದೆ. ವಿದ್ಯಾರ್ಥಿಗಳು ಈ ದ್ರಾವಣದ ಎರಡು ಹನಿಯನ್ನು ಗಾಜಿನ ಲೋಟದಲ್ಲಿರುವ ಚಹಾ ಡಿಕಾಕ್ಷನ್ನಿಗೆ ಹಾಕಿ ನೋಡಬಹುದು. ಚಹಾದಲ್ಲೂ ಟ್ಯಾನಿನ್ ಜಾತಿಯ ವಸ್ತುಗಳಿರುವುದರಿಂದ ಅದು ಶಾಯಿಯಂತೆ ಕಪ್ಪಗಾಗುತ್ತದೆ. ಮೊಳೆ ನೆನೆಸಿದ ಶೀಶೆಯ ಮುಚ್ಚಳವನ್ನು ಬಿಗಿಯಬಾರದು, ಏಕೆಂದರೆ ಹೈಡ್ರೋಜನ್ ಅನಿಲ ಹೊರಬರುತ್ತಿರುತ್ತದೆ. ಪ್ರಯೋಗ ಮುಗಿದ ಮೇಲೆ ಆ ಚಹಾ ಕುಡಿಯುವಂತಿಲ್ಲ!

ಉಳಿ ಹಿಡಿಯುವ ಮುನ್ನ

ಲೇತ್ ಆಟಿಕೆಯಲ್ಲ. 30 ಸೆಂಟಿಮೀಟರ್ ವ್ಯಾಸದ ತುಂಡು ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 15.7 ಮೀಟರ್, ಅಂದರೆ ಗಂಟೆಗೆ ಸುಮಾರು 56 ಕಿಲೋಮೀಟರ್. ಹಳೇ ಮದ್ರಾಸು ರಸ್ತೆಯಲ್ಲಿ ಬಸ್ಸಿಗೂ ಅಷ್ಟು ವೇಗ ಸಿಗುವುದು ಅಪರೂಪ! ಬಿರುಕಿರುವ ತುಂಡು ಆ ವೇಗದಲ್ಲಿ ಸಿಡಿದರೆ ಅನಾಹುತ ಖಂಡಿತ. ದೊಡ್ಡ ತುಂಡಿಗೆ ಕಡಿಮೆ ವೇಗ, ಮುಖಕ್ಕೆ ಪಾರದರ್ಶಕ ಗುರಾಣಿ, ಮೈಗೆ ಜೋತಾಡದ ಬಟ್ಟೆ ಇರಲೇಬೇಕು. ಸರ, ದುಪಟ್ಟಾ, ಉದ್ದ ತೋಳು ಬೇಡ. ಹದಿನಾರು ತುಂಬದ ಮಕ್ಕಳು ಒಬ್ಬರೇ ಯಂತ್ರದ ಬಳಿ ಇರದಂತೆ ಪೋಷಕರು ನೋಡಿಕೊಳ್ಳಬೇಕು.

ಉಪ್ಪು ಕಾಗದದಿಂದ ಉಜ್ಜುವಾಗ ಏಳುವ ಪುಡಿಯನ್ನೂ ಲಘುವಾಗಿ ಕಾಣುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರಲ್ಲೇ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಗಾಳಿಯಾಡುವ ಜಾಗ ಬೇಕು.

ಮರ ಎಲ್ಲಿಂದ, ವಿದ್ಯೆ ಎಲ್ಲಿಂದ?

ಪೀಠೋಪಕರಣಕ್ಕೆಂದು ಕಂಡ ಕಂಡ ಜಾಲಿಯನ್ನು ಕಡಿಯಬೇಕೆಂದು ಇದರರ್ಥವಲ್ಲ. ಜಾಲಿಗೆ ಕೆಲವು ತಿಂಗಳು ಬುಡದಲ್ಲಿ ನೀರು ನಿಂತರೂ ತಾಳುವ ಗುಣವಿದೆ. ಆದ್ದರಿಂದಲೇ ಕೆರೆಯಂಗಳಗಳಲ್ಲಿ ಅದನ್ನು ನೆಡುತ್ತ ಬಂದಿದ್ದಾರೆ. ಅದರ ಬೇರುಗಂಟುಗಳ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಒದಗಿಸುತ್ತವೆ. ಕಾಯಿ ಆಡುಕುರಿಗಳಿಗೆ ಮೇವು. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ನೀರಿನ ನಡುವೆ ನಿಂತ ಜಾಲಿ ಮರಗಳೇ ಕೊಕ್ಕರೆಗಳ ಸಂಸಾರಕ್ಕೆ ಆಸರೆ. ಅಂಥ ಮರಗಳು ಅಲ್ಲೇ ಇರಬೇಕು. ಮರ ಕಡಿಯುವವರು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ನಿಯಮಗಳನ್ನು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ಮಾತಿರುವುದು ಹೇಗೂ ಉರುಳುವ ಮರಗಳ ಬಗ್ಗೆ. ಮುಂಗಾರಿಗೆ ಮುನ್ನಿನ ಗಾಳಿಮಳೆಗೆ ಬಿದ್ದದ್ದು, ರೈತ ತನ್ನ ಬದುವಿನಿಂದ ಸಕ್ರಮವಾಗಿ ಕಡಿದದ್ದು, ಡಿಪೋಗೆ ಬಂದು ಒಟ್ಟಿರುವುದು, ಇವುಗಳಲ್ಲಿ ನೇರವಾದ, ದಪ್ಪನೆಯ ಬೊಡ್ಡೆಗಳನ್ನು ಆರಿಸಿ ಉಳಿಸಿಕೊಂಡರೂ ಸಾಕು. ಕೊಂಬೆರೆಂಬೆ ಒಲೆಗೆ ಹೋಗಲಿ, ಬೊಡ್ಡೆ ಬಡಗಿಯ ಮನೆಗೆ ಬರಲಿ.

ಮರದ ಬಗ್ಗೆ ಶಾಸ್ತ್ರೀಯವಾಗಿ ತಿಳಿಯಬೇಕೆನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾದ ಇದು 1988ರಲ್ಲಿ ಈಗಿನ ರೂಪ ತಾಳಿತು. ಮರಗಳ ಗುರುತು, ಒಣಗಿಸುವಿಕೆ, ಸಂರಕ್ಷಣೆ ಅಲ್ಲಿನ ಸಂಶೋಧನೆಯ ವಿಷಯಗಳು. ಮರಗೆಲಸದ ತರಬೇತಿಯೂ ಉಂಟು. ಎಸ್ಸೆಸ್ಸೆಲ್ಸಿಯ ನಂತರ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಬಡಗಿ ವೃತ್ತಿಯ ಕೋರ್ಸು ಆರಿಸಿಕೊಳ್ಳುವ ಅವಕಾಶವಿದೆ. ಮಗ ಅಥವಾ ಮಗಳು ಕೈಕೆಲಸದಲ್ಲಿ ಆಸಕ್ತಿ ತೋರಿದರೆ “ಓದು ತಲೆಗೆ ಹತ್ತದವರ ಕೆಲಸ ಅದು” ಎಂದು ಪೋಷಕರು ತಳ್ಳಿಹಾಕದಿರಲಿ. ಹಳಿ ಬಿಗಿದ ಬಡಗಿಗೆ ಉಷ್ಣ ವಿಕಸನ ಗೊತ್ತಿತ್ತು. ದಿಮ್ಮಿ ನೆನೆಹಾಕಿದವನಿಗೆ ಹುಳುವಿನ ಹಸಿವು ಗೊತ್ತಿತ್ತು. ಸೂತ್ರದ ಹೆಸರಷ್ಟೇ ಗೊತ್ತಿರಲಿಲ್ಲ.

ಕೊನೆಗೊಂದು ಲೆಕ್ಕ. ಒಣಮರದ ತೂಕದಲ್ಲಿ ಸುಮಾರು ಅರ್ಧ ಪಾಲು ಇಂಗಾಲ. 10 ಕಿಲೋಗ್ರಾಂ ಜಾಲಿಯನ್ನು ಸುಟ್ಟರೆ ಅದರಲ್ಲಿನ 5 ಕಿಲೋಗ್ರಾಂ ಇಂಗಾಲ ಆಮ್ಲಜನಕದೊಂದಿಗೆ ಕೂಡಿ ಸುಮಾರು 18 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಅದೇ 10 ಕಿಲೋಗ್ರಾಂ ಒಂದು ಸ್ಟೂಲಾದರೆ, ಆ ಸ್ಟೂಲು ಮನೆಯಲ್ಲಿರುವಷ್ಟು ಕಾಲ ಇಂಗಾಲವೂ ಅಲ್ಲೇ ಇರುತ್ತದೆ. ಮೊಮ್ಮಕ್ಕಳ ಕಾಲಕ್ಕೂ ಬರುವ ಗಟ್ಟಿತನ ಜಾಲಿಗಿದೆ. ಪುರಂದರದಾಸರ ಕೀರ್ತನೆಯೊಂದರಲ್ಲಿ ದುರ್ಜನರಿಗೆ ಹೋಲಿಕೆಯಾದ ಈ ಮುಳ್ಳುಮರ ಬಡಗಿಯ ಕೈಗೆ ಸಿಕ್ಕಾಗ ಸಜ್ಜನನಂತೆಯೇ ನಡೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಹರಿತವಾದ ಉಳಿ ಮತ್ತು ಒಂದೆರಡು ವರ್ಷದ ತಾಳ್ಮೆ.